ನಾಗರಹೊಳೆಯ ಕಾಡು, ಕಾಡಂಚಿನ ಶಾಲೆ
ಹಣ ತೆತ್ತು ಆಫ್ರಿಕಾದ ಅಭಯಾರಣ್ಯದಲ್ಲೂ ಪಕ್ಕದ ಶಾಲೆಯಲ್ಲೂ ಕೆಲವು ವಾರ ದುಡಿಯುವ ಸ್ವಯಂಸೇವೆಯ ಹತ್ತಿರದ ರೂಪವನ್ನು, ಮಂಗಳೂರಿನ ಬಿಜೈ ಕೆಎಸ್‌ಆರ್‌ಟಿಸಿ ನಿಲ್ದಾಣದಿಂದ ಮೈಸೂರಿನ ಬಸ್ಸು ಹಿಡಿದವರು ನಾಗರಹೊಳೆಯ ಸೀಮೆಯಲ್ಲೇ ಕಾಣಬಹುದು. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1986ರಲ್ಲಿ ಅಲ್ಲಿ ಆರಂಭಿಸಿದ ಹುಲಿ ಅಧ್ಯಯನಕ್ಕೆ ಮುಂದೆ ಅನೇಕ ಸ್ವಯಂಸೇವಕರು ನೆರವಾದರು. ಈ ಸ್ವಯಂಸೇವಕರ ಮುಖ್ಯ ಕೆಲಸ ಲೈನ್ ಟ್ರಾನ್ಸೆಕ್ಟ್, ಅಂದರೆ ಕಾಡಿನಲ್ಲಿ ನೇರವಾಗಿ ಸವರಿದ ದಾರಿಯಲ್ಲಿ ಸದ್ದಿಲ್ಲದೆ ನಡೆದು, ಕಂಡ ಜಿಂಕೆ, ಕಾಟಿಗಳ ಸಂಖ್ಯೆ, ದೂರ, ಕೋನಗಳನ್ನು ಬರೆದುಕೊಂಡು, ಹುಲಿಯ ಬಲಿಪ್ರಾಣಿಗಳ ಸಾಂದ್ರತೆಯನ್ನು ಅಂದಾಜಿಸುವ ವಿಧಾನ. ಶಾಲೆಯ ಕೆಲಸ ಇದಕ್ಕಿಂತ ಕಠಿಣ, ಏಕೆಂದರೆ ಬೆಳೆ ಕಳೆದುಕೊಂಡ ರೈತನ ಮಗುವಿಗೆ ಆನೆಯ ಮೇಲೆ ಒಲವು ಹುಟ್ಟಿಸುವುದು ಎರಡು ವಾರದ ಅತಿಥಿಗೆ ನಿಲುಕುವಂಥದ್ದಲ್ಲ. ಕಾರಂತರು ಸ್ಥಾಪಿಸಿದ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ 2018ರಲ್ಲಿ ಆರಂಭಿಸಿದ ‘ವೈಲ್ಡ್ ಶಾಲೆ’ ಕಾಡಂಚಿನ ಹಳ್ಳಿಶಾಲೆಗಳಲ್ಲಿ ಈ ಒಲವಿನ ಪಾಠವನ್ನೇ ಆಟ, ಚಿತ್ರಗಳ ಮೂಲಕ ಕಲಿಸುತ್ತದೆ.