ಲಾರಿ ಟ್ಯಾಂಕು ಸೋರುತ್ತಿದೆಯೇ? ವೆಲ್ಡಿಂಗ್‌ಗೆ ಕೊಡುವ ಮೊದಲು ಇದನ್ನು ಓದಿ



ಕಬ್ಬು ಕಡಿಯುವ ಕಾಲ ಬಂತೆಂದರೆ ಮಳವಳ್ಳಿ, ಮದ್ದೂರು ಕಡೆಯ ರಸ್ತೆಗಳಲ್ಲಿ ಹಳೇ ಲಾರಿಗಳಿಗೂ ಬಿಡುವಿರುವುದಿಲ್ಲ. ಭಾರತೀನಗರದ ಕಾರ್ಖಾನೆಗೆ, ಕೊಪ್ಪದ ಕಾರ್ಖಾನೆಗೆ, 1933ರಲ್ಲಿ ಶುರುವಾದ ಮಂಡ್ಯದ ಮೈಶುಗರ್‌ಗೆ, ಊರೂರಿನ ಆಲೆಮನೆಗೆ ಕಬ್ಬು ಹೊರುವ ಗಾಡಿಗಳಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದವೂ ಇವೆ. ನಮ್ಮ ಸಂಘಗಳ ಸದಸ್ಯರ ಮನೆ ಮುಂದೆಯೂ ಇಂಥ ಗಾಡಿಗಳು ನಿಂತಿರುತ್ತವೆ. ಕೆಲವಕ್ಕೆ ಸಂಘದ ಸಾಲವೂ ಸೇರಿದೆ. ಹಾಗಾಗಿ ಟ್ಯಾಂಕು ಸೋರಿದರೆ ಅದು ಗಂಡಸರ ವಿಷಯ ಅಂತ ನಾವು ಸುಮ್ಮನಿರೋ ಹಾಗಿಲ್ಲ.

ಮೊದಲು ಲೆಕ್ಕ ನೋಡೋಣ. ಸೆಕೆಂಡಿಗೆ ಒಂದೇ ಹನಿ ತೊಟ್ಟಿಕ್ಕಿದರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಅಂದುಕೊಂಡರೆ ನಾಲ್ಕು ಲೀಟರಿಗೂ ಹೆಚ್ಚು. ಲೀಟರಿಗೆ 90 ರೂಪಾಯಿ ಹಿಡಿದರೂ ದಿನಕ್ಕೆ 360 ರೂಪಾಯಿ ಮಣ್ಣುಪಾಲು. ಇದು ತಿಳಿಯದೆ ಡೀಸೆಲ್ ಕದ್ದ ಅಂತ ಡ್ರೈವರ್ ಮೇಲೆ ಅನುಮಾನ ಪಡುವುದು, ಮನೆಯಲ್ಲಿ ಜಗಳವಾಗುವುದು ಉಂಟು. ದುಡ್ಡಿನದು ಒಂದು ಕಡೆ ಇರಲಿ. ಸೋರುವ ಗಾಡಿಯನ್ನು ಆಲೆಮನೆಯ ಒಲೆ ಹತ್ತಿರ, ಒಣಗಿದ ಕಬ್ಬಿನ ತರಗಿನ ಮೇಲೆ ನಿಲ್ಲಿಸಿದರೆ ಏನಾದೀತು, ನೀವೇ ಯೋಚಿಸಿ.

ಟ್ಯಾಂಕು ತೂತಾಗುವುದು ಹೆಚ್ಚಾಗಿ ಒಳಗಿನಿಂದ. ರಾತ್ರಿ ತಂಪಿಗೆ ಅರ್ಧ ಖಾಲಿ ಟ್ಯಾಂಕಿನೊಳಗೆ ಬೆವರಿನಂತೆ ನೀರು ಕೂರುತ್ತದೆ. ನೀರು ಡೀಸೆಲ್‌ಗಿಂತ ಭಾರ, ಆದ್ದರಿಂದ ತಳಕ್ಕಿಳಿದು ಅಲ್ಲೇ ನಿಲ್ಲುತ್ತದೆ, ತಗಡು ತುಕ್ಕು ಹಿಡಿಯುತ್ತದೆ. ಹೊರಗಿನಿಂದಲೂ ತೊಂದರೆಯುಂಟು: ಟ್ಯಾಂಕನ್ನು ಬಿಗಿದ ಕಬ್ಬಿಣದ ಪಟ್ಟಿಯ ಕೆಳಗಿನ ರಬ್ಬರ್ ಸವೆದರೆ ಪಟ್ಟಿಯೇ ತಗಡನ್ನು ತಿನ್ನುತ್ತದೆ.

ಆದರೆ ಒದ್ದೆ ಕಂಡ ಜಾಗದಲ್ಲೇ ತೂತು ಇದೆ ಅಂತ ತಿಳಿಯಬೇಡಿ. ಮೇಲಿಂದ ಇಳಿದದ್ದೂ ತಳದಲ್ಲೇ ತೊಟ್ಟಿಕ್ಕುತ್ತದೆ. ಟ್ಯಾಂಕನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಸೀಮೆಸುಣ್ಣ ಉಜ್ಜಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಮೊದಲು ಎಲ್ಲಿ ಕಪ್ಪಾಗುತ್ತೋ ಅಲ್ಲಿಂದ ಬರುತ್ತಿದೆ. ಫುಲ್ ಮಾಡಿದಾಗ ಮಾತ್ರ ಸೋರಿದರೆ ಮೇಲಿನ ಫ್ಲೋಟ್ ಪ್ಯಾಕಿಂಗೋ, ರಿಟರ್ನ್ ಪೈಪೋ ಇರಬಹುದು. ತಳದ ಡ್ರೈನ್ ನಟ್ಟಿನ ವಾಷರ್ ಹೋಗಿದ್ದರೆ ಅದು ಸಣ್ಣ ಖರ್ಚಿನ ಕೆಲಸ. ಇವಕ್ಕೆಲ್ಲ ವೆಲ್ಡಿಂಗ್ ಬೇಕಿಲ್ಲ. ದಾರಿಯಲ್ಲಿ ಸೋರಿದರೆ ಡ್ರೈವರ್‌ಗಳು ಬಟ್ಟೆ ಸೋಪನ್ನು ತೂತಿಗೆ ಒತ್ತುತ್ತಾರೆ. ಡೀಸೆಲ್‌ಗೆ ಸೋಪು ಬೇಗ ಕರಗುವುದಿಲ್ಲ, ಗ್ಯಾರೇಜು ಮುಟ್ಟುವಷ್ಟು ಹೊತ್ತು ತಡೆಯುತ್ತದೆ. ಅದನ್ನೇ ರಿಪೇರಿ ಅಂತ ನಂಬಿ ತಿಂಗಳು ಓಡಿಸುವುದು ಬೇಡ.

ಈಗ ನಾವು ಹೇಳಲೇಬೇಕಾದ ವಿಷಯ. ತಗಡೇ ತೂತಾಗಿದೆ, ಬೆಸುಗೆ ಹಾಕಬೇಕು ಎಂದಾಗ ಮನೆಯವರು ಮಾಡುವುದೇನು? ಡೀಸೆಲ್ ಇಳಿಸಿ, ‘ಖಾಲಿಯಾಯ್ತಲ್ಲ, ಇನ್ನೇನು ಭಯ’ ಅಂತ ವೆಲ್ಡಿಂಗ್ ಅಂಗಡಿಗೆ ಕೊಡುತ್ತಾರೆ. ತುಂಬಿದ ಟ್ಯಾಂಕಿಗಿಂತ ಹೀಗೆ ಖಾಲಿಯಾದ ಟ್ಯಾಂಕೇ ಹೆಚ್ಚು ಅಪಾಯ. ಯಾಕೆಂದರೆ ಉರಿಯುವುದು ಎಣ್ಣೆಯಲ್ಲ, ಅದರ ಆವಿ. ಆವಿಗೆ ಗಾಳಿ ಸೇರಬೇಕು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆ, ಖಾಲಿ ಟ್ಯಾಂಕಿನ ತುಂಬಾ ಗಾಳಿ. ‘ಡೀಸೆಲ್‌ಗೆ ಕಡ್ಡಿ ಗೀರಿ ಹಾಕಿದರೂ ಹತ್ತಲ್ಲ’ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ತಣ್ಣಗಿರುವ ಡೀಸೆಲ್‌ಗೆ ಅದು ಸುಮಾರಾಗಿ ನಿಜ. ಬಾಣಲೆಯ ಎಣ್ಣೆಯೂ ತಣ್ಣಗಿದ್ದಾಗ ಹತ್ತುವುದಿಲ್ಲ, ಹೊಗೆಯಾಡುವಷ್ಟು ಕಾದಾಗ ತಾನೇ ಹತ್ತುತ್ತದೆ. ವೆಲ್ಡಿಂಗ್ ಶಾಖಕ್ಕೆ ಟ್ಯಾಂಕಿನ ಮೂಲೆಯಲ್ಲಿ, ಮಡಿಕೆಯಲ್ಲಿ ಅಂಟಿದ ಡೀಸೆಲ್ ಕಾದು ಆವಿಯಾಗುತ್ತದೆ, ಕಿಡಿಯೂ ಅಲ್ಲೇ ಇರುತ್ತದೆ. ಟ್ಯಾಂಕು ಬಾಂಬಿನಂತೆ ಸಿಡಿಯುತ್ತದೆ. ಬೈಕಿನ ಪೆಟ್ರೋಲ್ ಟ್ಯಾಂಕಾದರೆ ಕಾಯಿಸುವುದೂ ಬೇಕಿಲ್ಲ.

ದೊಡ್ಡ ದೊಡ್ಡವರಿಗೂ ಇದು ಪಾಠವಾಗಿದೆ. 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಹೊರಟ ಟಿಡಬ್ಲ್ಯುಎ 800 ವಿಮಾನ ಆಕಾಶದಲ್ಲೇ ಸಿಡಿದು 230 ಜನ ಸತ್ತರು. ತನಿಖೆ ಮಾಡಿದವರು 2000ದಲ್ಲಿ ಕೊಟ್ಟ ವರದಿಯ ಪ್ರಕಾರ ಸ್ಫೋಟವಾದದ್ದು ಬಹುತೇಕ ಖಾಲಿಯಾಗಿದ್ದ ನಡುವಿನ ಟ್ಯಾಂಕು. ಆ ವಿಮಾನದ ಇಂಧನ ನಮ್ಮ ಸೀಮೆಎಣ್ಣೆ ಜಾತಿಯದು. ಕೆಳಗಿದ್ದ ಎ.ಸಿ. ಯಂತ್ರಗಳ ಬಿಸಿಗೆ ಅದು ಆವಿಯಾಗಿತ್ತು.

ಹಾಗಾದರೆ ಸರಿಯಾದ ಕ್ರಮ ಯಾವುದು? ಬ್ಯಾಟರಿ ತಂತಿ ಬಿಚ್ಚಿ, ಟ್ಯಾಂಕನ್ನು ಗಾಡಿಯಿಂದ ಪೂರ್ತಿ ಇಳಿಸಬೇಕು. ಮುಚ್ಚಳ, ಫ್ಲೋಟ್, ಡ್ರೈನ್ ನಟ್ಟು ಎಲ್ಲ ತೆಗೆದು, ಕುದಿಯುವ ನೀರು ಮತ್ತು ಸೋಪಿನ ಪುಡಿ ಹಾಕಿ ಮತ್ತೆ ಮತ್ತೆ ಕುಲುಕಿ ತೊಳೆಯಬೇಕು. ಹಬೆ ಹಾಯಿಸುವ ಅನುಕೂಲವಿದ್ದರೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಹಾಯಿಸಬೇಕು. ಆಮೇಲೆ ತೂತು ಮೇಲೆ ಬರುವಂತೆ ಇಟ್ಟು, ತೂತಿನ ಸ್ವಲ್ಪ ಕೆಳಗಿನವರೆಗೂ ನೀರು ತುಂಬಿ, ಬಾಯಿ ತೆರೆದಿಟ್ಟೇ ಬೆಸುಗೆ ಹಾಕಬೇಕು. ಹೀಗೆ ಮಾಡಿದರೆ ಆವಿ ಸೇರಲು ಜಾಗವೇ ಕಡಿಮೆ. ವಾಸನೆ ಬರುವುದಿಲ್ಲ ಅಂದಮಾತ್ರಕ್ಕೆ ಟ್ಯಾಂಕು ಶುದ್ಧವಾಯ್ತು ಅಂತ ಅಲ್ಲ. ಪೆಟ್ರೋಲ್‌ನಲ್ಲಿ ತೊಳೆಯುತ್ತೇವೆ ಅಂದರೆ ದಯವಿಟ್ಟು ಟ್ಯಾಂಕನ್ನು ವಾಪಸ್ ತನ್ನಿ. ಗಾಳಿ ಹೊಡೆದು ಒಣಗಿಸಿದರೆ ಸಾಕು ಅನ್ನುವವರೂ ಇದ್ದಾರೆ, ಅದೂ ಸಾಲದು. ಇದು ಟ್ಯಾಂಕು ರಿಪೇರಿ ಮಾಡಿ ಅನುಭವವಿರುವವರ ಕೆಲಸ, ಗೇಟು ಕಿಟಕಿ ಮಾಡುವ ಅಂಗಡಿಯ ಹುಡುಗನ ಕೈಗೆ ಕೊಡುವಂಥದ್ದಲ್ಲ. ‘ಹೇಗೆ ತೊಳೀತೀಯಪ್ಪಾ, ನೀರು ತುಂಬ್ತೀಯಾ?’ ಅಂತ ಕೇಳಲು ಓದು ಬರಹ ಬೇಕಿಲ್ಲ. ತೊಳೆಯುವುದಕ್ಕೆ ಒಂದು ದಿನ ಹೆಚ್ಚಾಗುತ್ತೆ, ಒಂದು ಲೋಡು ತಪ್ಪುತ್ತೆ. ತಪ್ಪಲಿ.

ಡೀಸೆಲ್ ಇಳಿಸುವಾಗ ಪೈಪಿಗೆ ಬಾಯಿ ಹಾಕಿ ಎಳೆಯುವುದು ನಮ್ಮ ಕಡೆ ಸಾಮಾನ್ಯ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಜೀವಕ್ಕೆ ಅಪಾಯ. ಹಾಗೇನಾದರೂ ಆದರೆ ವಾಂತಿ ಮಾಡಿಸಬೇಡಿ, ವಾಂತಿಯಾಗುವಾಗ ಮತ್ತೆ ಶ್ವಾಸಕೋಶಕ್ಕೆ ಹೋಗುತ್ತದೆ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಸೇರಿಸಿ. ಇಳಿಸಿದ ಡೀಸೆಲನ್ನು ಕುಡಿಯುವ ನೀರಿನ ಬಾಟಲಿಗೆ, ಬಿಂದಿಗೆಗೆ ಹಾಕಿಡಬೇಡಿ. ಅಡಿಗೆ ಮನೆಯೊಳಗಂತೂ ಬೇಡವೇ ಬೇಡ. ಬೆಂಕಿ ಕಂಡರೆ ಬಿಂದಿಗೆ ನೀರು ಎರಚಬೇಡಿ, ಉರಿಯುವ ಎಣ್ಣೆ ನೀರಿನ ಮೇಲೆ ತೇಲಿ ಹರಡುತ್ತದೆ. ಮಣ್ಣು, ಮರಳು ಸುರಿಯಿರಿ.

ಇನ್ನು ಸಾಲದ ಮಾತು. ತೂತು ಒಂದೇ ಇದ್ದು ಸುತ್ತಲ ತಗಡು ಗಟ್ಟಿಯಿದ್ದರೆ ಬೆಸುಗೆ ಸಾಕು. ಮೊದಲೇ ಎರಡು ಮೂರು ತೇಪೆಯಿದ್ದು, ತಟ್ಟಿದರೆ ತುಕ್ಕು ಉದುರುತ್ತಿದ್ದರೆ ಬೇರೆ ಟ್ಯಾಂಕೇ ಹಾಕಿಸುವುದು ಲೇಸು. ಗುಜರಿಯಿಂದ ತಂದರೂ ಒಳಗೆ ಟಾರ್ಚ್ ಬಿಟ್ಟು ನೋಡಿ ತನ್ನಿ. ತೇಪೆಗೆ ಅಂತ ಮತ್ತೆ ಮತ್ತೆ ಸಣ್ಣ ಸಾಲ ಕೊಡುವುದಕ್ಕಿಂತ ಒಂದೇ ಸಲ ಟ್ಯಾಂಕಿಗೆ ಕೊಡುವುದು ಸಂಘಕ್ಕೂ ಒಳ್ಳೆಯದು ಅಂತ ನಮ್ಮ ಅಭಿಪ್ರಾಯ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷಕ್ಕೊಮ್ಮೆ ಎಫ್.ಸಿ. ಆಗಲೇಬೇಕು, ಸೋರುವ ಟ್ಯಾಂಕು ಇಟ್ಟುಕೊಂಡು ಅಲ್ಲಿಗೆ ಹೋಗುವಂತಿಲ್ಲ.

ರಿಪೇರಿಯಾಗಿ ಬಂದ ಟ್ಯಾಂಕನ್ನು ಬಿಸಿಲಿನಲ್ಲಿ ಪೂರ್ತಿ ಒಣಗಿಸಿ. ನೀರು ಉಳಿದರೆ ಪಂಪು ಹಾಳಾಗುತ್ತದೆ. ಗಾಡಿಗೆ ಕೂರಿಸುವಾಗ ಪಟ್ಟಿಯ ಕೆಳಗೆ ಹೊಸ ರಬ್ಬರ್ ಹಾಕಿಸಿ. ಡೀಸೆಲ್ ತುಂಬಿದ ರಾತ್ರಿ ಕೆಳಗೆ ಹಳೇ ಪೇಪರ್ ಹಾಸಿ, ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಕಲೆ ಬಿದ್ದಿದೆಯಾ ಅಂತ ನೋಡಿ.