ಬೂದಿಗೂ ಒಂದು ಖಾತೆ



ಎಂಜಿನಿಯರುಗಳೇ ಹೆಚ್ಚಿರುವ ಈ ಸಭೆಯಲ್ಲಿ ಲೆಕ್ಕಪರಿಶೋಧಕನಾದ ನಾನು ಗಾಳಿಯ ಹರಿವಿನ ಬಗ್ಗೆ ಮಾತಾಡುವುದು ವಿಚಿತ್ರವೆನಿಸಬಹುದು. ಆದರೆ ಈ ವಿಷಯ ನಿಜಕ್ಕೂ ಜಮಾ-ಖರ್ಚಿನದ್ದೇ.

2010ರ ಏಪ್ರಿಲ್ 14ರಂದು ಐಸ್‌ಲ್ಯಾಂಡಿನ ಏಯಾಫ್ಯಾಟ್ಲಾಯೋಕುಟ್ಲ್ ಜ್ವಾಲಾಮುಖಿ ಉಗುಳಿದ ಬೂದಿ ಯುರೋಪಿನತ್ತ ಹರಡಿತು. ಸುಮಾರು ಒಂದು ಲಕ್ಷ ವಿಮಾನ ಹಾರಾಟಗಳು ರದ್ದಾದವು. ದುಬೈ, ಅಬುಧಾಬಿಗಳಲ್ಲಿ ವಿಮಾನ ಬದಲಿಸಿ ಯುರೋಪಿಗೆ ಹೊರಟಿದ್ದವರು ಇಲ್ಲೇ ಉಳಿಯಬೇಕಾಯಿತು. ಬೂದಿ ಎತ್ತ ಸಾಗುತ್ತದೆಂದು ಲೆಕ್ಕ ಹಾಕಿದ್ದು ಬ್ರಿಟನ್ನಿನ ಮೆಟ್ ಆಫೀಸಿನ 'ನೇಮ್' ಎಂಬ ಕಂಪ್ಯೂಟರ್ ಮಾದರಿ. ಅದು ಹುಟ್ಟಿದ್ದು 1986ರ ಚೆರ್ನೋಬಿಲ್ ದುರಂತದ ನಂತರ.

ಜ್ವಾಲಾಮುಖಿ ಒಮ್ಮೆ ಉಗುಳಿ ಸುಮ್ಮನಾಗುವುದಿಲ್ಲ. ಹಾಗಾಗಿ ಮಾದರಿಯೂ ಲೆಕ್ಕದ ಪ್ರತಿ ಹಂತದಲ್ಲಿ ಹೊಸ ಕಣಗಳನ್ನು ಗಾಳಿಗೆ ಬಿಡುತ್ತಲೇ ಇರಬೇಕು. ಹಳೆಯವು ಗಾಳಿಯೊಡನೆ ಸಾಗುತ್ತವೆ. ಕೆಲವು ನೆಲಕ್ಕೆ ಬೀಳುತ್ತವೆ, ಕೆಲವು ಮಳೆಯಲ್ಲಿ ತೊಳೆದುಹೋಗುತ್ತವೆ, ಕೆಲವು ನಕ್ಷೆಯ ಅಂಚು ದಾಟುತ್ತವೆ.

ಕಂಪ್ಯೂಟರಿನ ಒಂದು ಕಣ ಷೇರು ಇದ್ದಂತೆ, ಅದರ ಮುಖಬೆಲೆ ಇಂತಿಷ್ಟು ಬೂದಿಯ ತೂಕ. ಹತ್ತು ದಿರ್ಹಮಿನ ಒಂದು ಷೇರನ್ನು ಒಂದು ದಿರ್ಹಮಿನ ಹತ್ತು ಷೇರಾಗಿ ಒಡೆದರೆ ಬಂಡವಾಳ ಹೆಚ್ಚುವುದಿಲ್ಲ. ಹಾಗೆಯೇ ಗಂಟೆಗೆ ಸಾವಿರದ ಬದಲು ಹತ್ತು ಸಾವಿರ ಕಣ ಬಿಟ್ಟರೆ ಪ್ರತಿ ಕಣದ ತೂಕ ಹತ್ತನೇ ಒಂದಕ್ಕೆ ಇಳಿಯಬೇಕು. ಚಿತ್ರ ನುಣುಪಾಗುತ್ತದೆ, ಕಂಪ್ಯೂಟರಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ, ಬೂದಿ ಮಾತ್ರ ಅಷ್ಟೇ.

ಯಾವ ಕ್ಷಣದಲ್ಲಿ ನಿಲ್ಲಿಸಿ ನೋಡಿದರೂ ಅಲ್ಲಿಯವರೆಗೆ ಬಿಟ್ಟ ಒಟ್ಟು ತೂಕವು ಗಾಳಿಯಲ್ಲಿ ಉಳಿದದ್ದು, ನೆಲ ಸೇರಿದ್ದು, ಅಂಚು ದಾಟಿದ್ದು ಈ ಮೂರರ ಮೊತ್ತಕ್ಕೆ ಸಮನಾಗಿರಬೇಕು. ಇದೇ ಅದರ ಟ್ರಯಲ್ ಬ್ಯಾಲೆನ್ಸ್. ತಾಳೆಯಾಗದಿದ್ದರೆ ಎಲ್ಲೋ ಕಣ ಕಳೆದಿದೆ, ಇಲ್ಲವೇ ಎರಡು ಸಲ ಜಮೆಯಾಗಿದೆ.

ಆದರೆ ತಾಳೆಯಾದ ಲೆಕ್ಕವೆಲ್ಲ ನಿಜವಾದ ಲೆಕ್ಕವಲ್ಲ ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಸೆಕೆಂಡಿಗೆ ಎಷ್ಟು ಬೂದಿ ಹೊರಬರುತ್ತಿದೆ ಎಂದು ಯಾರೂ ತಕ್ಕಡಿಯಲ್ಲಿ ತೂಗುವುದಿಲ್ಲ. ಹೊಗೆಗಂಬದ ಎತ್ತರದಿಂದ ಅಂದಾಜು ಮಾಡುತ್ತಾರೆ. ಬೂದಿಯ ಪ್ರಮಾಣ ಎತ್ತರದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ. ಎತ್ತರವನ್ನು ಶೇ. 10ರಷ್ಟು ಹೆಚ್ಚು ಅಳೆದರೆ ಬೂದಿ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಮುಂದಿನ ಲೆಕ್ಕವೆಲ್ಲ ಅಚ್ಚುಕಟ್ಟಾಗಿ ಆ ತಪ್ಪನ್ನೇ ಹೊತ್ತು ಸಾಗುತ್ತದೆ.

ಮೊದಲು ಬೂದಿ ಇದೆ ಎಂದರೆ ಹಾರಾಟವಿಲ್ಲ ಎಂಬ ನಿಯಮವಿತ್ತು. ಆ ಏಪ್ರಿಲ್‌ನಲ್ಲಿ ಬ್ರಿಟನ್ ಘನ ಮೀಟರಿಗೆ 2 ಮಿಲಿಗ್ರಾಂ ಎಂಬ ಮಿತಿ ತಂದಿತು. ಇದೆಯೋ ಇಲ್ಲವೋ ಎಂಬ ಪ್ರಶ್ನೆ ಎಷ್ಟಿದೆ ಎಂದಾಯಿತು. ಅಲ್ಲಿಂದ ವಿಮಾನ ಹಾರುವುದೋ ಬಿಡುವುದೋ ಆ ಮೊದಲ ಅಂದಾಜಿಗೆ ಅಂಟಿಕೊಂಡಿತು.

ಧೂಳಾಗಲಿ, ಕಾರ್ಖಾನೆಯ ಹೊಗೆಯಾಗಲಿ, ಬಣ್ಣಬಣ್ಣದ ಸಿಮ್ಯುಲೇಶನ್ ಚಿತ್ರ ನಿಮ್ಮ ಮುಂದೆ ಬಂದಾಗ ಮೊದಲು ಒಳಹರಿವಿನ ವೋಚರ್ ಕೇಳಿ. ಆ ಅಂಕಿ ಎಲ್ಲಿಂದ ಬಂತು, ಯಾರು ಅಳೆದರು ಎಂದು ತಿಳಿದ ಮೇಲೆಯೇ ಸಹಿ ಹಾಕಿ.