ಮಳೆ ಬಂತು, ಕೆರೆಗೆ ಜಮಾ ಆಗಲಿಲ್ಲ

ಮಕ್ಕಳೇ, ಮೊದಲು ಒಂದು ಲೆಕ್ಕ. ಪೆನ್ಸಿಲ್ ತೆಗೆದುಕೊಳ್ಳಿ. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಅವರನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳಿ.

ಒಂದು ಎಕರೆ ಜಾಗದಲ್ಲಿ ಒಂದು ಅಡಿ ಆಳ ನೀರು ನಿಂತರೆ ಎಷ್ಟು ಲೀಟರ್ ಆದೀತು? ಸುಮಾರು 12 ಲಕ್ಷ 33 ಸಾವಿರ. ಹಳ್ಳಿಯ ಮನೆಗಳಿಗೆ ನಳದ ನೀರು ಕೊಡುವ ಜಲಜೀವನ ಮಿಷನ್ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಹಿಡಿದಿದ್ದಾರೆ. ಅಂದರೆ ವರ್ಷಕ್ಕೆ ಒಬ್ಬರಿಗೆ 20,075 ಲೀಟರ್. ಈಗ ಭಾಗಿಸಿ. ಒಂದು ಎಕರೆಯಲ್ಲಿ ಒಂದು ಅಡಿ ನಿಂತ ನೀರು 61 ಜನರ ಇಡೀ ವರ್ಷದ ಬಳಕೆಗೆ ಸಾಕು!

ಇದೇ ಲೆಕ್ಕವನ್ನು ತಿರುಗಿಸಿ ಮಾಡಿ ನೋಡಿ. ಹತ್ತು ಎಕರೆ ಕೆರೆಯಲ್ಲಿ ಒಂದು ಅಡಿ ಹೂಳು ತುಂಬಿತು ಎನ್ನಿ. 610 ಜನರ ವರ್ಷದ ನೀರು ನಿಲ್ಲುವ ಜಾಗ ಹೋಯಿತು. ಯಾರೂ ಕದ್ದಿಲ್ಲ, ಯಾರಿಗೂ ಕಂಡಿಲ್ಲ, ಆದರೆ ಹೋಯಿತು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿನ ಶಾಖೆಗಳಲ್ಲಿ ಕೂತು ಲೆಡ್ಜರ್ ಬರೆದಿದ್ದೇನೆ. ನಮ್ಮ ವಿಜಯಪುರ ಜಿಲ್ಲೆಯಲ್ಲಿ ವರ್ಷದ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ಅದೂ ಕೈಕೊಟ್ಟ ವರ್ಷ ನನಗೆ ಆಕಾಶ ನೋಡುವ ಕೆಲಸವೇ ಇರುತ್ತಿರಲಿಲ್ಲ. ಬೆಳೆಸಾಲದ ಕಂತು ನಿಂತು, ಬಂಗಾರ ಒತ್ತೆ ಇಡುವವರ ಸಾಲು ಬೆಳೆಯಿತೆಂದರೆ ಬರ ಬಂದಿದೆ ಎಂದೇ ಅರ್ಥ. ಮದುವೆಯ ಬೋರಮಾಳ ಸರವನ್ನು ಕೌಂಟರಿನ ಮೇಲಿಟ್ಟು ಮುಖ ಆಚೆ ತಿರುಗಿಸಿ ನಿಲ್ಲುತ್ತಿದ್ದ ತಾಯಂದಿರು ಇಂದಿಗೂ ನನ್ನ ಕಣ್ಣ ಮುಂದಿದ್ದಾರೆ.

1972ರ ಬರ ಇಂದಿನ ಅಜ್ಜ, ಅಜ್ಜಿಯರಿಗೆ ನೆನಪಿರುತ್ತದೆ. ಕೇಳಿ, ಹೇಳುತ್ತಾರೆ. ಹೊಟ್ಟೆಗಾಗಿ ಊರಿಗೆ ಊರೇ ಬರಗಾಲದ ಕಾಮಗಾರಿಗೆ ಹೋಗುತ್ತಿತ್ತು. ಕಲ್ಲು ಒಡೆಯುವುದು, ರಸ್ತೆ ಮಾಡುವುದು, ಕೆರೆ ಕಟ್ಟುವುದು. ಇಂಡಿ ತಾಲೂಕಿನ ನಮ್ಮೂರ ಕೆರೆಯ ಏರಿಗೆ ಬಿದ್ದ ಮಣ್ಣಿನಲ್ಲಿ ನಾನು ಹೊತ್ತ ಬುಟ್ಟಿಗಳೂ ಇವೆ. ಆಗ ನನಗೆ ಇಪ್ಪತ್ತರ ಪ್ರಾಯ.

ಈಗ ಕಾಲ ಬದಲಾಗಿದೆ. ಇಂಡಿ, ಸಿಂದಗಿಯ ಬಡಗಣ ಅಂಚಿಗೆ ಭೀಮಾ ನದಿ, ಮುದ್ದೇಬಿಹಾಳ, ಬಾಗೇವಾಡಿಯ ತೆಂಕಣಕ್ಕೆ ಕೃಷ್ಣೆ. ಎರಡು ದೊಡ್ಡ ನದಿಗಳ ನಡುವೆ ಇದ್ದೂ ನಾವು ಬಾಯಾರಿದವರು. ನಡುವೆ ಹರಿಯುವ ಡೋಣಿ ನದಿಯ ನೀರೋ ಸವಳು. ಆಲಮಟ್ಟಿ, ನಾರಾಯಣಪುರ ಜಲಾಶಯಗಳಾದ ಮೇಲೆ ಮುಳವಾಡ, ಚಿಮ್ಮಲಗಿ, ಗುತ್ತಿಬಸವಣ್ಣ ಎಂಬ ಏತ ನೀರಾವರಿ ಹೆಸರುಗಳು ನಮ್ಮ ಮನೆಮಾತಾದವು. ಪಂಪು, ಕಾಲುವೆ, ಪೈಪುಗಳ ಮೂಲಕ ಜಿಲ್ಲೆಯ ಎಷ್ಟೋ ಕೆರೆಗಳಿಗೆ ಕೃಷ್ಣೆಯ ನೀರು ಬಂತು. ಒಣಗಿದ್ದ ಕೆರೆಯಲ್ಲಿ ಮೊದಲ ಸಲ ಪೈಪಿನಿಂದ ನೀರು ಧುಮುಕಿದಾಗ ಮುದುಕಿಯರು ಅರಿಸಿನ, ಕುಂಕುಮ ತಂದು ಬಾಗಿನ ಬಿಟ್ಟದ್ದನ್ನು ನಾನು ಕಂಡಿದ್ದೇನೆ.

ಈ ನೀರು ಪುಕ್ಕಟೆ ಬಂದದ್ದಲ್ಲ, ಮಕ್ಕಳೇ. ಆಲಮಟ್ಟಿಯಲ್ಲಿ 123 ಟಿ.ಎಂ.ಸಿ. ನೀರು ನಿಲ್ಲಲು ಎಷ್ಟೋ ಹಳ್ಳಿಗಳು ಮುಳುಗಿವೆ. ಹಳೆ ಬಾಗಲಕೋಟೆಯ ಓಣಿಗಳೇ ಹೋಗಿ ನವನಗರ ಎದ್ದಿತು. ಯಾರೋ ತಮ್ಮ ಮನೆ, ಹೊಲ, ಗುಡಿ ಬಿಟ್ಟುಕೊಟ್ಟದ್ದರಿಂದ ನಮ್ಮ ಕೆರೆಗೆ ನೀರು ಬಂದಿದೆ.

ಆದರೆ ಪೈಪು ಬಂದ ಮೇಲೆ ಇನ್ನೊಂದು ಮರೆವೂ ಬಂತು. ಕೆರೆಗೆ ತನ್ನದೇ ಒಂದು ದಾರಿ ಇರುತ್ತದೆ. ಮೇಲಿನ ಹೊಲ, ಗುಡ್ಡ, ಬೀಳು ಭೂಮಿಯ ಮೇಲೆ ಬಿದ್ದ ಮಳೆ ಸಣ್ಣ ಸಣ್ಣ ಹಳ್ಳಗಳಾಗಿ ಕೂಡಿ ಕೆರೆಗೆ ಇಳಿಯುತ್ತದೆ. ‘ಹೆಂಗೂ ಕೆನಾಲ್ ನೀರು ಬರತೈತಿ’ ಎಂದು ಆ ಹಳ್ಳಗಳನ್ನು ನೋಡುವವರೇ ಇಲ್ಲವಾದರು. ಪಂಪು ಓಡಬೇಕಾದರೆ ಕರೆಂಟು ಬೇಕು, ಜಲಾಶಯದಲ್ಲಿ ನೀರು ಬೇಕು, ನಮ್ಮ ಪಾಳಿ ಬರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕೆರೆಗೆ ಉಳಿಯುವುದು ತನ್ನ ಹಳ್ಳ ಒಂದೇ.

ಈ ಮಾತು ನಮಗೆ ಮನವರಿಕೆಯಾದದ್ದು ನನ್ನ ಮೊಮ್ಮಗಳ ವಹಿಯಿಂದ. ಏಳನೆಯ ತರಗತಿಯ ಹುಡುಗಿ. ರಜೆಯಲ್ಲಿ ಸುಮ್ಮನೆ ಮೊಬೈಲ್ ನೋಡುತ್ತ ಕೂಡಬಾರದೆಂದು ನಾನು ಅವಳಿಗೆ ಒಂದು ವಹಿ ಹಾಕಿಕೊಟ್ಟೆ. ಎಡಗಡೆ ಮಳೆ, ಬಲಗಡೆ ಕೆರೆ. ಮಳೆ ಅಳೆಯಲು ಅಂಗಳದ ಬಯಲಿನಲ್ಲಿ ತಳ ಸಪಾಟಾದ, ಮೇಲೆ ಕೆಳಗೆ ಒಂದೇ ಅಗಲದ ಒಂದು ಡಬ್ಬಿ. ಬೆಳಿಗ್ಗೆ ಅದರಲ್ಲಿ ಸ್ಕೇಲು ಇಳಿಸಿ ಎಷ್ಟು ಮಿಲಿಮೀಟರ್ ಎಂದು ಬರೆಯುವುದು. ಕೆರೆಗೆ ಇನ್ನೂ ಸುಲಭ. ನಮ್ಮ ಕೆರೆಗೆ ಕಲ್ಲಿನ ಪಾವಟಿಗೆಗಳಿವೆ, ಒಂದೊಂದೂ ಸುಮಾರು ಅರ್ಧ ಅಡಿ ಎತ್ತರ. ಮೇಲಿನಿಂದ ಎಣಿಸಿ, ನೀರು ಎಷ್ಟನೆಯ ಪಾವಟಿಗೆಗೆ ಇದೆ ಎಂದು ಬರೆದರೆ ಸಾಕು. ನೀರಿಗೆ ಇಳಿಯುವ ಮಾತೇ ಇಲ್ಲ.

ಹುಬ್ಬಿ ಮಳೆಯಲ್ಲಿ ಮೂರು ಸಲ ಚಲೋ ಮಳೆಯಾಯಿತು. 18, 31, 26, ಒಟ್ಟು 75 ಮಿಲಿಮೀಟರ್. ಕೆರೆ ಮಾತ್ರ ಹದಿನಾಲ್ಕನೆಯ ಪಾವಟಿಗೆಯಲ್ಲೇ ಕೂತಿತ್ತು.

“ಮುತ್ಯಾ, ಮಳಿ ಅಂತೂ ಬಂದೈತಿ. ಕೆರಿ ಯಾಕ ಏರವಲ್ದು?” ಎಂದಳು.

ನಾವಿಬ್ಬರೂ ಲೆಕ್ಕಕ್ಕೆ ಕೂತೆವು. ಒಂದು ಎಕರೆಯ ಮೇಲೆ 75 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 3 ಲಕ್ಷ ಲೀಟರ್. ಎರೆ ಮಣ್ಣು ಬಹಳ ನೀರು ಕುಡಿಯುತ್ತದೆ, ಹತ್ತರಲ್ಲಿ ಒಂದು ಪಾಲು ಮಾತ್ರ ಹರಿದು ಬಂತು ಎಂದು ಹಿಡಿದೆವು. ಮೇಲಿನ 200 ಎಕರೆಯಿಂದ 60 ಲಕ್ಷ ಲೀಟರ್ ಆಯಿತು. ಹತ್ತು ಎಕರೆಯ ಕೆರೆ ಅದರಿಂದ ಸುಮಾರು ಅರ್ಧ ಅಡಿ, ಅಂದರೆ ಒಂದು ಪಾವಟಿಗೆಯಾದರೂ ಏರಬೇಕು. ಹಣ ಕಟ್ಟಿದ ಚೀಟಿ ಕೈಯಲ್ಲಿದೆ, ಪಾಸ್‌ಬುಕ್ಕಿನಲ್ಲಿ ಜಮಾ ಆಗಿಲ್ಲ! ಬ್ಯಾಂಕಿನಲ್ಲಿ ಹೀಗಾದರೆ ನಾವು ಮನೆಗೆ ಹೋಗುತ್ತಿರಲಿಲ್ಲ. ತಪ್ಪು ಸಿಗುವವರೆಗೂ ಒಂದೊಂದೇ ಚೀಟಿ ಹಿಡಿದು ಹಿಂದಕ್ಕೆ ಹೋಗುತ್ತಿದ್ದೆವು.

“ಹಳ್ಳದ ಗುಂಟ ಹೋಗಿ ನೋಡೂಣು ನಡಿ” ಎಂದೆ.

ನನ್ನ ವಯಸ್ಸಿನ ಇಬ್ಬರು ಗೆಳೆಯರು, ನಾಲ್ಕು ಹುಡುಗರು, ಒಂದು ತಂಬಿಗೆ ನೀರು, ಜೋಳದ ರೊಟ್ಟಿಯ ಗಂಟು. ಕೆರೆಯಿಂದ ಹಳ್ಳ ಹಿಡಿದು ಮೇಲಕ್ಕೆ ನಡೆದೆವು. ಅರ್ಧ ಮೈಲಿಯೊಳಗೇ ತಪ್ಪು ಸಿಕ್ಕಿತು. ಹಳ್ಳ ರಸ್ತೆ ದಾಟುವಲ್ಲಿ ಎರಡು ಸಿಮೆಂಟಿನ ಪೈಪುಗಳಿದ್ದವು. ಎರಡರ ಬಾಯಲ್ಲೂ ಮಣ್ಣು, ಪ್ಲಾಸ್ಟಿಕ್ ಚೀಲ, ಬಾಟಲಿ, ಕಬ್ಬಿನ ರವದಿ, ಒಂದು ಹಳೆಯ ಸೀರೆ. ಕೆರೆಯ ನೀರು ರಸ್ತೆಯ ಪಕ್ಕದ ಗಟಾರ ಹಿಡಿದು ತಗ್ಗಿನ ಓಣಿಗೆ ನುಗ್ಗಿತ್ತು. ಅಲ್ಲಿ ಎರಡು ಮನೆಗಳಲ್ಲಿ ಜೋಳದ ಚೀಲ ತೊಯ್ದಿದ್ದವು. ಒಂದೇ ನೀರು: ಕೆರೆಗೆ ಹೋಗಿದ್ದರೆ ಸಂಪತ್ತು, ಓಣಿಗೆ ಬಂದು ನಷ್ಟ.

ಜಗಳ ಮಾಡಲಿಲ್ಲ. ವಹಿಯ ಆ ಪುಟವನ್ನು ಝೆರಾಕ್ಸ್ ಮಾಡಿಸಿ, ಅರ್ಜಿಯ ಜೊತೆ ಲಗತ್ತಿಸಿ ಪಂಚಾಯ್ತಿಗೆ ಕೊಟ್ಟೆವು. ಬರೀ ‘ಕೆರೆ ಕಾಪಾಡಿ’ ಎಂಬ ಅರ್ಜಿಗೂ, ತಾರೀಖು ಹಾಕಿ ಅಳತೆ ಬರೆದ ಅರ್ಜಿಗೂ ಅಂತರವಿದೆ. ತೊಯ್ದ ಮನೆಗಳವರೂ ಸಹಿ ಹಾಕಿದರು. ಉತ್ತರಿ ಮಳೆಯ ಹೊತ್ತಿಗೆ ಉದ್ಯೋಗ ಖಾತ್ರಿಯ ಕೂಲಿಯವರು ಬಂದು ಪೈಪು ತೆರೆದರು. ಹಸ್ತ ಮಳೆ ಒಂದೇ ರಾತ್ರಿ ಜೋರಾಗಿ ಹೊಡೆಯಿತು. ಬೆಳಿಗ್ಗೆ ಹುಡುಗರು ಓಡಿಹೋಗಿ ಎಣಿಸಿ ಬಂದರು. ಹದಿಮೂರನೆಯ ಪಾವಟಿಗೆ ಮುಳುಗಿತ್ತು!

ಎಲ್ಲವೂ ಸರಿಹೋಯಿತು ಎಂದೇನಿಲ್ಲ. ಪೈಪಿನ ಮೇಲ್ಗಡೆ ಹಳ್ಳವೇ ಸಣ್ಣದಾಗಿದೆ. ಸರ್ಕಾರದ ‘ದಿಶಾಂಕ್’ ಆ್ಯಪ್‌ನಲ್ಲಿ ಸರ್ವೆ ನಂಬರುಗಳ ಗಡಿ ಕಾಣುತ್ತದೆ. ಹುಡುಗರು ಅದನ್ನು ಹಿಡಿದು ನಿಂತಾಗ ನಕಾಶೆಯ ಹಳ್ಳ ಅಗಲವಾಗಿತ್ತು, ನೆಲದ ಹಳ್ಳ ಇಕ್ಕಟ್ಟಾಗಿತ್ತು. ವರ್ಷಕ್ಕೆ ಒಂದು ಸಾಲು ಒಳಗೆ ಗಳೆ ಹೊಡೆದರೆ ಹತ್ತು ವರ್ಷದಲ್ಲಿ ಹಳ್ಳ ಉಳಿದೀತೆ? ಮಕ್ಕಳ ಗ್ರಾಮಸಭೆಯಲ್ಲಿ ಮೊಮ್ಮಗಳು ಇದನ್ನು ಓದಿ ಹೇಳಿದಳು. ಅಳತೆ ಮಾಡಿ ಕಲ್ಲು ನೆಡಿಸಬೇಕೆಂಬ ಅರ್ಜಿ ಹೋಗಿದೆ. ಅದು ಇನ್ನೂ ಬಾಕಿ ಇದೆ. ಹಳ್ಳದ ದಂಡೆಯ ಹೊಲದವರು ನಮ್ಮವರೇ, ದಿನಾ ‘ಉಂಡ್ರ್ಯಾ?’ ಎಂದು ಕೇಳುವವರೇ. ಅವರೊಂದಿಗೆ ಮುಖ ಕೆಡಿಸಿಕೊಳ್ಳದೆ ಈ ಕೆಲಸ ಮುಗಿಸುವುದು ಪೈಪು ತೆರೆಸಿದ್ದಕ್ಕಿಂತ ಕಷ್ಟದ ಕೆಲಸ.

ನಿಮ್ಮೂರಿನಲ್ಲೂ ಅರ್ಜಿ ಕೊಡಬೇಕಾದರೆ ಯಾರಿಗೆ ಎಂದು ತಿಳಿದಿರಲಿ. ಅಚ್ಚುಕಟ್ಟು 40 ಹೆಕ್ಟೇರ್‌ವರೆಗಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳಿಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯ ಪ್ರಕಾರ ಕೆರೆಯನ್ನು ಒತ್ತುವರಿ ಮಾಡುವುದೂ ಅದಕ್ಕೆ ಕಸ ಸುರಿಯುವುದೂ ಅಪರಾಧ.

ಕೆರೆಯ ನಿರ್ವಹಣೆ ಹೊಸ ಮಾತಲ್ಲ. ಕೆರೆಯ ದುರಸ್ತಿಗೆಂದೇ ಭೂಮಿ, ಬೆಳೆಯ ಪಾಲು ಬಿಡುವ ಪದ್ಧತಿ ನಮ್ಮಲ್ಲಿತ್ತು. ಶಾಸನಗಳಲ್ಲಿ ಅದಕ್ಕೆ ‘ಬಿತ್ತುವಟ್ಟ’ ಎಂಬ ಹೆಸರಿದೆ. ವಿಜಯಪುರ ನಗರಕ್ಕೆ ಹೋದರೆ ಬೇಗಂ ತಾಲಾಬ್ ನೋಡಿ ಬನ್ನಿ. 1651ರಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಆದ ಕೆರೆ. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನಗರಕ್ಕೆ ನೀರು ಹೋಗುತ್ತಿತ್ತು. ನಡುನಡುವೆ ‘ಗಂಜ್’ ಎಂಬ ಕಲ್ಲಿನ ಗೋಪುರಗಳು. ನೀರಿನ ಒತ್ತಡ ತಗ್ಗಿಸುವುದು ಒಂದು ಕೆಲಸ, ಹೂಳು ತಳಕ್ಕೆ ಕೂರುವಂತೆ ಮಾಡುವುದು ಇನ್ನೊಂದು. ಕಟ್ಟುವಾಗಲೇ ಸ್ವಚ್ಛ ಮಾಡುವ ದಾರಿಯನ್ನೂ ಯೋಚಿಸಿದ್ದರು.

ಗದಗ ಜಿಲ್ಲೆಯ ಮಾಗಡಿ ಕೆರೆಯ ಹೆಸರು ಕೇಳಿದ್ದೀರಾ? ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವುದು ಅಲ್ಲಿ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಹೆಬ್ಬಾತಿಗೆ ನಕಾಶೆ ಓದಲು ಬರುವುದಿಲ್ಲ. ಕಳೆದ ವರ್ಷ ನೀರಿದ್ದ ಕೆರೆ ಈ ವರ್ಷವೂ ಇರುತ್ತದೆ ಎಂದು ನಂಬಿ ಹಾರಿ ಬರುತ್ತದೆ.

ನಮ್ಮ ಹಬ್ಬಗಳ ಜೊತೆಗೇ ಕೆರೆಯ ಕೆಲಸವನ್ನೂ ನಾವು ಹೀಗೆ ಹೊಂದಿಸಿಕೊಂಡಿದ್ದೇವೆ:

ಯುಗಾದಿಯ ನಂತರ, ಕೆರೆ ಬತ್ತಿದಾಗ, ಹೂಳು ತೆಗೆದು ಹೊಲಕ್ಕೆ ಹಾಕುವುದು. ಪಂಚಾಯ್ತಿಯ ಒಪ್ಪಿಗೆ ಬೇಕು. ಏರಿಯ ಬುಡದಲ್ಲಿ ಮಾತ್ರ ಅಗೆಯಬಾರದು, ಏರಿ ಸಡಿಲಾಗುತ್ತದೆ.

ಕಾರಹುಣ್ಣಿವೆಗೆ ಮುಂಚೆ ಹಳ್ಳದ ಗುಂಟ ನಡೆದು ಪೈಪು, ಕಾಲುವೆ, ಕೋಡಿ ನೋಡಿ ಬರುವುದು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಣ್ಣು ಕೆರೆಯದೇ ಆಗಲಿ.

ಗಣೇಶ ಚೌತಿಗೆ ಬಣ್ಣವಿಲ್ಲದ ಮಣ್ಣಿನ ಗಣಪ. ಪ್ಲಾಸ್ಟರಿನ ಗಣಪ ಕರಗುವುದಿಲ್ಲ, ಬಣ್ಣದ ವಿಷ ಮೀನಿಗೂ ದನಕ್ಕೂ ಹೋಗುತ್ತದೆ. ಬಕೆಟ್ಟಿನಲ್ಲಿ ವಿಸರ್ಜಿಸಿ ಆ ನೀರನ್ನು ಗಿಡಕ್ಕೆ ಹಾಕಿ.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬರುವಾಗ ಕೆರೆಯ ಪಾವಟಿಗೆ ಎಣಿಸುವುದು. ಬೇಸಗೆಗೆ ಎಷ್ಟು ಶಿಲ್ಕು ಇದೆ ಎಂದು ಅವತ್ತು ಗೊತ್ತಾಗುತ್ತದೆ.

ಒಂದು ಕಟ್ಟುನಿಟ್ಟಿನ ಮಾತು. ಮಕ್ಕಳು ಒಬ್ಬೊಬ್ಬರೇ ಕೆರೆಗೆ ಹೋಗಬಾರದು. ಹೂಳು ತೆಗೆದ ಗುಂಡಿಗಳು ನೀರಿನ ಕೆಳಗೆ ಕಾಣುವುದಿಲ್ಲ, ಎರೆ ಮಣ್ಣು ಕಾಲು ಹಿಡಿಯುತ್ತದೆ. ಜೊತೆಗೆ ದೊಡ್ಡವರು ಇರಲೇಬೇಕು. ಅಜ್ಜ, ಅಜ್ಜಿಯರೇ, ನಿಮಗೂ ಇದರಿಂದ ಲಾಭವಿದೆ. ಡಾಕ್ಟರು ಹೇಳಿದ ಮುಂಜಾನೆಯ ನಡಿಗೆ ಆಗುತ್ತದೆ, ಹಳ್ಳ ಮೊದಲು ಎಲ್ಲಿ ಹರಿಯುತ್ತಿತ್ತು ಎಂದು ತೋರಿಸಲು ಊರಿನಲ್ಲಿ ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ.

ಬರುವ ಭಾನುವಾರ ಒಂದು ನೂರು ಪುಟದ ವಹಿ ತನ್ನಿ. ಮೊದಲ ಪುಟದಲ್ಲಿ ಕೆರೆಯ ಹೆಸರು, ತಾರೀಖು, ಮೇಲಿನಿಂದ ಎಷ್ಟನೆಯ ಪಾವಟಿಗೆ ಎಂದು ಬರೆಯಿರಿ. ಪಾವಟಿಗೆ ಇಲ್ಲದ ಕೆರೆಯಾದರೆ ದಂಡೆಯ ಒಂದು ದೊಡ್ಡ ಕಲ್ಲನ್ನೇ ಗುರುತು ಮಾಡಿಕೊಳ್ಳಿ.